ಹಳೆಯ ಜಾವಾ–ಯೆಜ್ಡಿಗೆ ಸಾಕಷ್ಟು ಬೆಳಕು: ಚಾರ್ಜಿಂಗ್ ವ್ಯವಸ್ಥೆಯ ಸುಧಾರಣೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ತಂದೆಯ ಕಾಲದ ಜಾವಾ ಇಲ್ಲವೆ ಯೆಜ್ಡಿ ಮೋಟಾರು ಸೈಕಲನ್ನು ಇಂದಿಗೂ ಓಡಿಸುತ್ತಿರುವ ರೈತರಿದ್ದಾರೆ. ಹಾಲಿನ ಕ್ಯಾನು, ಟೊಮೇಟೊ ಕ್ರೇಟು, ಚೆಂಡುಹೂವಿನ ಚೀಲ, ರೇಷ್ಮೆಗೂಡಿನ ಗಂಟು, ಎಲ್ಲವನ್ನೂ ಈ ಗಾಡಿಗಳು ಹೊತ್ತಿವೆ. ಇವುಗಳ ಇಂಜಿನ್ ಗಟ್ಟಿ. ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲಷ್ಟು ಸರಳ. ಆದರೆ ಬಹುತೇಕ ಎಲ್ಲರೂ ಹೇಳುವ ದೂರು ಒಂದೇ: "ಹಗಲು ಕುದುರೆಯಂತೆ ಓಡುತ್ತದೆ, ಕತ್ತಲಾದರೆ ದೀಪ ಮಿಣುಕುತ್ತದೆ."

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ತರಕಾರಿಯನ್ನು ತೆರಕಣಾಂಬಿ ಇಲ್ಲವೆ ಗುಂಡ್ಲುಪೇಟೆ ಮಾರುಕಟ್ಟೆಗೆ ಒಯ್ಯುವವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಬಂದಾಗ ಜಮೀನಿಗೆ ಹೋಗಲೇಬೇಕು. ಹಂಗಳ, ಮೇಲುಕಾಮನಹಳ್ಳಿಯಂತಹ ಬಂಡೀಪುರ ಕಾಡಂಚಿನ ಊರುಗಳಲ್ಲಿ ಆನೆ, ಕಾಡುಹಂದಿಗಳು ದಾರಿಗೆ ಅಡ್ಡ ಬರುವುದು ಹೊಸತಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಲಾಗಿದೆ. ಆದರೆ ಕಾಡಂಚಿನ ಹಳ್ಳಿಯ ಬಂಡಿದಾರಿಗೆ ಅಂತಹ ಗೇಟು ಯಾವುದೂ ಇಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಗಾಡಿಯ ದೀಪ ಒಂದೇ.

ದೀಪ ಮಂಕಾದ ಕೂಡಲೇ ಹಲವರು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಕೆಲವರು ಹೆಚ್ಚು ವ್ಯಾಟಿನ ಬಲ್ಬು ಹಾಕಿಸುತ್ತಾರೆ. ಮತ್ತೆ ಕೆಲವರು ಯಾರೋ ಹೇಳಿದರೆಂದು ಸಾವಿರಾರು ರೂಪಾಯಿ ಕೊಟ್ಟು ಎಲ್ಲವನ್ನೂ ಬದಲಾಯಿಸುತ್ತಾರೆ. ಈ ಮೂರೂ ಲೆಕ್ಕವಿಲ್ಲದ ಖರ್ಚುಗಳು. ಬಾವಿಯ ಊಟೆ ಎಷ್ಟಿದೆ, ಪಂಪು ಎಷ್ಟು ಎತ್ತುತ್ತದೆ ಎಂದು ನೋಡದೆ ದೊಡ್ಡ ಮೋಟಾರು ಕೂರಿಸಿದ ಹಾಗೆ. ಚಾರ್ಜಿಂಗ್ ವ್ಯವಸ್ಥೆಯ ಸುಧಾರಣೆಗೆ ಒಂದು ಕ್ರಮವಿದೆ: ಮೊದಲು ಸೋರಿಕೆ ನಿಲ್ಲಿಸಬೇಕು, ನಂತರ ಖರ್ಚು ಇಳಿಸಬೇಕು, ಕೊನೆಗೆ ಬೇಕೆನಿಸಿದರೆ ಮಾತ್ರ ಉತ್ಪತ್ತಿ ಹೆಚ್ಚಿಸಬೇಕು. ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೈಸೂರಿನ ಗಾಡಿ

ಈ ಗಾಡಿಗಳು ನಮ್ಮ ಪಕ್ಕದ ಮೈಸೂರಿನಲ್ಲೇ ತಯಾರಾದವು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿಯು 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭಿಸಿತು. ಕಾರ್ಖಾನೆ ಇದ್ದದ್ದು ಯಾದವಗಿರಿಯಲ್ಲಿ. 1970ರ ದಶಕದಲ್ಲಿ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬರತೊಡಗಿದವು. 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ನಿಮ್ಮ ಮನೆಯ ಗಾಡಿ ಎಷ್ಟೇ ಹೊಸದಾದರೂ ಅದರ ವೈರು, ಸ್ವಿಚ್ಚು, ಡೈನಮೋಗಳಿಗೆ ಕಾಲು ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. 2018ರಿಂದ ಮಾರುಕಟ್ಟೆಗೆ ಬಂದಿರುವ ಹೊಸ ಜಾವಾ ಗಾಡಿಗಳು ಪೂರ್ತಿ ಬೇರೆ. ಅವುಗಳ ಬಿಡಿಭಾಗ ಇವಕ್ಕೆ ಹೊಂದುವುದಿಲ್ಲ.

ವಿದ್ಯುತ್ ಹುಟ್ಟುವ ಬಗೆ

ಹಳೆಯ 250 ಸಿ.ಸಿ. ಜಾವಾ, ಯೆಜ್ಡಿಗಳಲ್ಲಿ ಇಂಜಿನ್ನಿನ ಬಲಗಡೆ, ಕ್ರ್ಯಾಂಕ್ ದಂಡದ ತುದಿಯಲ್ಲಿ 6 ವೋಲ್ಟಿನ ಡೈನಮೋ ಇದೆ. ಇದರ ಸಾಮರ್ಥ್ಯ 45 ವ್ಯಾಟ್. ಇಂಜಿನ್ ತಿರುಗಿದಂತೆ ಡೈನಮೋದ ಆರ್ಮೇಚರ್ ತಿರುಗುತ್ತದೆ. ಅದರಲ್ಲಿ ಹುಟ್ಟಿದ ವಿದ್ಯುತ್ತನ್ನು ಕಮ್ಯುಟೇಟರಿನ ಮೇಲೆ ಉಜ್ಜುತ್ತಿರುವ ಕಾರ್ಬನ್ ಬ್ರಷ್ಷುಗಳು ಎತ್ತಿಕೊಳ್ಳುತ್ತವೆ. ಅಲ್ಲಿಂದ ವಿದ್ಯುತ್ತು ರೆಗ್ಯುಲೇಟರಿಗೆ ಹೋಗುತ್ತದೆ. ನಮ್ಮ ಮೆಕ್ಯಾನಿಕ್ಕರು ಇದನ್ನು ಕಟೌಟ್ ಎನ್ನುತ್ತಾರೆ.

ಕಟೌಟಿಗೆ ಎರಡು ಕೆಲಸ. ಒಂದು, ಡೈನಮೋ ವೋಲ್ಟೇಜು ಮಿತಿ ಮೀರದಂತೆ ನೋಡಿಕೊಳ್ಳುವುದು. ಎರಡು, ಇಂಜಿನ್ ನಿಧಾನವಾದಾಗ ಇಲ್ಲವೆ ನಿಂತಾಗ ಬ್ಯಾಟರಿಯ ವಿದ್ಯುತ್ತು ಡೈನಮೋಕ್ಕೆ ಹಿಂದಕ್ಕೆ ಹರಿಯದಂತೆ ತಡೆಯುವುದು, ಪಂಪಿನ ಫುಟ್‌ವಾಲ್ವ್ ನೀರು ಹಿಂದಿಳಿಯದಂತೆ ತಡೆಯುವ ಹಾಗೆ.

ಇನ್ನೊಂದು ಮುಖ್ಯ ಸಂಗತಿ ನೆನಪಿನಲ್ಲಿರಲಿ. ಈ ಗಾಡಿಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿಗೂ ಬ್ಯಾಟರಿಯೇ ಆಧಾರ. ಬ್ಯಾಟರಿ ಪೂರ್ತಿ ಬಸಿದರೆ ದೀಪ ಮಾತ್ರವಲ್ಲ, ಇಂಜಿನ್ನೂ ನಿಲ್ಲುತ್ತದೆ.

ತಯಾರಿಕೆಯ ಅಷ್ಟು ವರ್ಷಗಳಲ್ಲಿ ಮಾದರಿಯಿಂದ ಮಾದರಿಗೆ ಜೋಡಣೆ ಬದಲಾಗಿದೆ. ಹಲವು ಗಾಡಿಗಳಲ್ಲಿ ಹಿಂದಿನ ಮಾಲೀಕರೂ ಬದಲಾವಣೆ ಮಾಡಿಸಿರುತ್ತಾರೆ. ಆದ್ದರಿಂದ ಬಲಗಡೆಯ ಮುಚ್ಚಳ ತೆಗೆದು ನೋಡಿ. ಕಾರ್ಬನ್ ಬ್ರಷ್, ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಕಂಡರೆ ಅದು ಡೈನಮೋ. ಈ ಲೇಖನ ಅಂತಹ ಗಾಡಿಗೇ ಅನ್ವಯಿಸುತ್ತದೆ.

ಆಯ–ವ್ಯಯದ ಲೆಕ್ಕ

ಬೆಳೆಯ ಲೆಕ್ಕ ಬರೆಯುವಂತೆ ಗಾಡಿಯ ವಿದ್ಯುತ್ತಿನ ಲೆಕ್ಕವನ್ನೂ ಬರೆಯಬಹುದು. ಬಲ್ಬಿನ ಬುಡದ ಮೇಲೆ ವ್ಯಾಟ್ ಎಷ್ಟೆಂದು ಅಚ್ಚಾಗಿರುತ್ತದೆ. ಒಂದು ಗಾಡಿಯ ರಾತ್ರಿ ಓಡಾಟದ ಅಂದಾಜು ಲೆಕ್ಕ ಹೀಗಿರುತ್ತದೆ:

ಹೆಡ್‌ಲೈಟ್ – 35 ವ್ಯಾಟ್
ಹಿಂದಿನ ದೀಪ – 5 ವ್ಯಾಟ್
ಮೀಟರಿನ ದೀಪ – 2 ವ್ಯಾಟ್
ಕಾಯಿಲ್ – ಸುಮಾರು 15 ವ್ಯಾಟ್
ಒಟ್ಟು ಖರ್ಚು – 57 ವ್ಯಾಟ್
ಡೈನಮೋದ ಪೂರ್ಣ ಉತ್ಪತ್ತಿ – 45 ವ್ಯಾಟ್
ಕೊರತೆ – 12 ವ್ಯಾಟ್

ಹಾರನ್, ಬ್ರೇಕ್ ದೀಪ, ಇಂಡಿಕೇಟರುಗಳನ್ನು ಇಲ್ಲಿ ಸೇರಿಸಿಲ್ಲ. ಅವು ಬಿಟ್ಟು ಬಿಟ್ಟು ಉರಿಯುವಂಥವು. ಆದರೂ ಕೊರತೆ ಇದೆ. ಈ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. 12 ವ್ಯಾಟನ್ನು 6 ವೋಲ್ಟಿನಿಂದ ಭಾಗಿಸಿದರೆ 2 ಆಂಪಿಯರ್. ಎಂದರೆ ಡೈನಮೋ ಎಷ್ಟೇ ಚೆನ್ನಾಗಿದ್ದರೂ ರಾತ್ರಿ ಓಡಾಟದಲ್ಲಿ ಬ್ಯಾಟರಿ ನಿಧಾನವಾಗಿ ಬಸಿಯುತ್ತಲೇ ಇರುತ್ತದೆ.

ಇನ್ನೂ ಒಂದು ಮಾತು. 45 ವ್ಯಾಟ್ ಬರುವುದು ಇಂಜಿನ್ ವೇಗವಾಗಿ ತಿರುಗಿದಾಗ ಮಾತ್ರ. ಕೆಸರಿನ ಬಂಡಿದಾರಿಯಲ್ಲಿ, ಹೊರೆ ಕಟ್ಟಿಕೊಂಡು ನಿಧಾನವಾಗಿ ಹೋಗುವಾಗ ಡೈನಮೋ ಬಹಳ ಕಡಿಮೆ ಕೊಡುತ್ತದೆ. ಏನೂ ಕೊಡದಿದ್ದರೆ 57 ವ್ಯಾಟೂ ಬ್ಯಾಟರಿಯಿಂದಲೇ ಬರಬೇಕು. ಅದು 9.5 ಆಂಪಿಯರ್. ಆಗ 12 ಆಂಪಿಯರ್–ಗಂಟೆಯ ಹೊಸ ಬ್ಯಾಟರಿಯೂ ಲೆಕ್ಕದ ಪ್ರಕಾರ ಒಂದೂಕಾಲು ಗಂಟೆ ಮಾತ್ರ ತಾಳುತ್ತದೆ. ಶಕ್ತಿ ಅರ್ಧಕ್ಕಿಳಿದ ಹಳೆಯ ಬ್ಯಾಟರಿ ಅರ್ಧ ಗಂಟೆಗೇ ಸೋಲುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ತಿಂಗಳಲ್ಲಿ ದೀಪ ಮಂಕಾಗುವುದು ಏಕೆಂದು ಇದರಿಂದ ತಿಳಿಯುತ್ತದೆ. ಬ್ಯಾಟರಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ ಅಷ್ಟೆ.

ಮೊದಲ ಹೆಜ್ಜೆ: ಸೋರಿಕೆ ನಿಲ್ಲಿಸಿ

ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೂ ತುಂಬದು. ಹಳೆಯ ಗಾಡಿಯಲ್ಲಿ ತುಕ್ಕು ಹಿಡಿದ ಜೋಡಣೆ, ಬಣ್ಣದ ಮೇಲೆ ಕೂರಿಸಿದ ಅರ್ತ್, ಇಲಿ ಕಡಿದ ವೈರು, ಸುಟ್ಟ ಸ್ವಿಚ್ಚು ಇವೇ ತೂತುಗಳು. 6 ವೋಲ್ಟಿನ ಗಾಡಿಯಲ್ಲಿ ಇವುಗಳ ಪರಿಣಾಮ ದೊಡ್ಡದು. 35 ವ್ಯಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಬೇಕು. ದಾರಿಯಲ್ಲಿ ಒಂದು ಓಮ್‌ನ ಹತ್ತನೆಯ ಒಂದು ಪಾಲಿನಷ್ಟು ತಡೆ ಇದ್ದರೂ ಅರ್ಧ ವೋಲ್ಟಿಗಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. ತಂತಿ ಬಲ್ಬಿಗೆ ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ ಎಂಬುದನ್ನು ಗಮನಿಸಬೇಕು.

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರಿನಿಂದ ಈ ಪರೀಕ್ಷೆಗಳನ್ನು ನೀವೇ ಮಾಡಬಹುದು.

1. ಬ್ಯಾಟರಿ: ಚಾರ್ಜು ಮಾಡಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. 6 ವೋಲ್ಟಿನ ತುಂಬಿದ ಬ್ಯಾಟರಿ 6.3ರಿಂದ 6.4 ವೋಲ್ಟ್ ತೋರಿಸಬೇಕು. 6.0 ತೋರಿಸಿದರೆ ಬಹುಪಾಲು ಖಾಲಿ. ಮರುದಿನ ತಾನಾಗಿಯೇ ಇಳಿದಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿದಿದೆ.

2. ಅರ್ತ್: ಇಂಜಿನ್ ನಿಲ್ಲಿಸಿ, ಹೆಡ್‌ಲೈಟ್ ಹೊತ್ತಿಸಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ ಇನ್ನೊಂದನ್ನು ಹೆಡ್‌ಲೈಟಿನ ಲೋಹದ ಬಟ್ಟಲಿಗೂ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಬಣ್ಣ, ತುಕ್ಕು ಕೆರೆದು, ಹೊಸ ದಪ್ಪ ವೈರು ಹಾಕಿ ಬಿಗಿ ಮಾಡಿ. ಇಂಜಿನ್ನಿಗೂ ಹೆಡ್‌ಲೈಟಿಗೂ ಬ್ಯಾಟರಿಯಿಂದ ಪ್ರತ್ಯೇಕ ಅರ್ತ್ ವೈರು ಎಳೆಯುವುದು ಕಡಿಮೆ ಖರ್ಚಿನ, ಹೆಚ್ಚು ಲಾಭದ ಕೆಲಸ.

3. ಕರೆಂಟಿನ ದಾರಿ: ಅದೇ ರೀತಿ ಬ್ಯಾಟರಿಯ ಇನ್ನೊಂದು ಕಂಬಕ್ಕೂ ಬಲ್ಬಿನ ತುದಿಗೂ ಮುಟ್ಟಿಸಿ ನೋಡಿ. 0.3 ವೋಲ್ಟಿಗಿಂತ ಹೆಚ್ಚಿದ್ದರೆ ಸ್ವಿಚ್ಚು, ಫ್ಯೂಸು, ಜೋಡಣೆಗಳನ್ನು ಒಂದೊಂದಾಗಿ ಶುಚಿ ಮಾಡಬೇಕು.

4. ಕಳ್ಳಸೋರಿಕೆ: ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಆಂಪಿಯರ್ ಮೀಟರ್ ಜೋಡಿಸಿ. ಹಳೆಯ ಕಟೌಟಿರುವ ಗಾಡಿಯಲ್ಲಿ ಸೊನ್ನೆ ತೋರಿಸಬೇಕು. ಏನಾದರೂ ತೋರಿಸಿದರೆ ಎಲ್ಲೋ ವೈರಿನ ಸಿಪ್ಪೆ ಸುಲಿದು ಚಾಸಿಗೆ ತಾಗುತ್ತಿದೆ, ಇಲ್ಲವೆ ಕಟೌಟಿನ ಪಾಯಿಂಟು ಅಂಟಿದೆ.

5. ಚಾರ್ಜು: ದೀಪ ಆರಿಸಿ, ಇಂಜಿನ್ ಓಡಿಸಿ, ಆಕ್ಸಿಲರೇಟರ್ ಸ್ವಲ್ಪ ಏರಿಸಿ, ಬ್ಯಾಟರಿಯ ಮೇಲೆ ಅಳೆಯಿರಿ. ವೋಲ್ಟೇಜು ಏರುತ್ತಾ 7ರ ಆಸುಪಾಸಿಗೆ ಬರಬೇಕು. ಏರದಿದ್ದರೆ ಚಾರ್ಜು ಇಲ್ಲ. 7.5 ದಾಟಿದರೆ ಕಟೌಟ್ ಕೆಟ್ಟು ಬ್ಯಾಟರಿಯ ನೀರು ಕುದಿಸುತ್ತಿದೆ ಎಂದು ತಿಳಿಯಬೇಕು.

ಡೈನಮೋದ ಆರೈಕೆ

ಚಾರ್ಜು ಏರದಿದ್ದರೆ ಡೈನಮೋ ನೋಡಬೇಕು. ಬ್ರಷ್ಷು ಸವೆದು ಗಿಡ್ಡವಾಗಿದ್ದರೆ, ಸ್ಪ್ರಿಂಗು ಸಡಿಲವಾಗಿದ್ದರೆ ಬದಲಾಯಿಸಿ. ಬ್ರಷ್ಷು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಗಾಜಿನ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಇಂಜಿನ್ ಚಾಲು ಮಾಡಿ. ಎಮರಿ ಕಾಗದ ಬಳಸಬಾರದು. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕುಳಿತು ತೊಂದರೆ ಕೊಡುತ್ತದೆ.

ಡೈನಮೋದೊಳಗೆ ಎಣ್ಣೆ ಕಂಡರೆ ಆ ಬದಿಯ ಆಯಿಲ್ ಸೀಲ್ ಹೋಗಿದೆ. ಆರ್ಮೇಚರಿನ ಮೈ ಮೇಲೆ ಉಜ್ಜಿದ ಹೊಳಪಿನ ಗುರುತು ಕಂಡರೆ ಕ್ರ್ಯಾಂಕಿನ ಬೇರಿಂಗು ಸವೆದು ದಂಡ ಅಲುಗಾಡುತ್ತಿದೆ. ಇವೆರಡನ್ನೂ ಮೊದಲು ಸರಿಪಡಿಸದೆ ಮುಂದೆ ಹೇಳುವ ಯಾವ ಸುಧಾರಣೆಗೂ ಹಣ ಹಾಕಬೇಡಿ. ಅಲುಗಾಡುವ ದಂಡದ ಮೇಲೆ ಹೊಸ ಸಾಮಗ್ರಿ ಕೂರಿಸಿದರೆ ಅದೂ ಉಜ್ಜಿ ಹಾಳಾಗುತ್ತದೆ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಡೈನಮೋದ ಕಬ್ಬಿಣ ತನ್ನ ಅಲ್ಪ ಅಯಸ್ಕಾಂತ ಶಕ್ತಿಯನ್ನು ಕಳೆದುಕೊಂಡಿರಬಹುದು. ಆಗ ಎಲ್ಲ ಭಾಗ ಸರಿಯಿದ್ದರೂ ವಿದ್ಯುತ್ತು ಹುಟ್ಟುವುದಿಲ್ಲ. ಬ್ಯಾಟರಿಯಿಂದ ಫೀಲ್ಡ್ ಸುತ್ತಿಗೆ ಕ್ಷಣಕಾಲ ವಿದ್ಯುತ್ತು ಕೊಟ್ಟರೆ ಅದು ಮರಳುತ್ತದೆ. ಈ ಕೆಲಸವನ್ನು ಬಲ್ಲ ಆಟೋ ಎಲೆಕ್ಟ್ರೀಶಿಯನ್ ಕೈಯಲ್ಲೇ ಮಾಡಿಸಬೇಕು.

ಎರಡನೆಯ ಹೆಜ್ಜೆ: ಖರ್ಚು ಇಳಿಸಿ

ಹನಿ ನೀರಾವರಿ ಮಾಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟೆ ಅಷ್ಟೇ ಇದ್ದರೂ ಕಡಿಮೆ ನೀರಿನಲ್ಲಿ ಅದೇ ಬೆಳೆ ಬರುತ್ತದೆ. ಅದೇ ರೀತಿ ತಂತಿ ಬಲ್ಬಿನ ಬದಲು ಎಲ್‌.ಇ.ಡಿ. ಬಲ್ಬು ಹಾಕಿದರೆ ಕಡಿಮೆ ವ್ಯಾಟಿನಲ್ಲಿ ಬೆಳಕು ಸಿಗುತ್ತದೆ. 6 ವೋಲ್ಟಿಗೆ ಹೊಂದುವ ಎಲ್‌.ಇ.ಡಿ. ಬಲ್ಬುಗಳೂ ದೊರೆಯುತ್ತವೆ. 12 ವ್ಯಾಟಿನ ಹೆಡ್‌ಲೈಟ್ ಬಲ್ಬು, 1 ವ್ಯಾಟಿನ ಹಿಂದಿನ ದೀಪ, ಅರ್ಧ ವ್ಯಾಟಿನ ಮೀಟರ್ ದೀಪ ಹಾಕಿದರೆ ಲೆಕ್ಕ ಹೀಗಾಗುತ್ತದೆ:

ದೀಪಗಳು – 13.5 ವ್ಯಾಟ್
ಕಾಯಿಲ್ – 15 ವ್ಯಾಟ್
ಒಟ್ಟು ಖರ್ಚು – 28.5 ವ್ಯಾಟ್
ಡೈನಮೋ ಉತ್ಪತ್ತಿ – 45 ವ್ಯಾಟ್
ಉಳಿತಾಯ – 16.5 ವ್ಯಾಟ್

ಕೊರತೆ ಇದ್ದ ಜಾಗದಲ್ಲಿ ಈಗ ಉಳಿತಾಯ ಬಂದಿದೆ. ಅದು ಬ್ಯಾಟರಿಗೆ ಸೇರುತ್ತದೆ. ಡೈನಮೋ ಮುಟ್ಟಿಲ್ಲ, ವೈರು ಬದಲಾಗಿಲ್ಲ.

ಎಲ್‌.ಇ.ಡಿ. ಕೊಳ್ಳುವಾಗ ಮೂರು ಸಂಗತಿಗಳನ್ನು ನೋಡಬೇಕು. ಒಂದು, ಬಲ್ಬಿನ ಹೋಲ್ಡರು ನಿಮ್ಮ ಗಾಡಿಗೆ ಹೊಂದಬೇಕು. ಎರಡು, ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಯಾವ ಕಂಬ ಚಾಸಿಗೆ ಅರ್ತ್ ಆಗಿದೆ ಎಂದು ನೋಡಿಕೊಂಡು ಅದಕ್ಕೆ ಸರಿಹೊಂದುವ ಬಲ್ಬು ಕೇಳಬೇಕು. ಉಲ್ಟಾ ಹಾಕಿದರೆ ಉರಿಯದು, ಸುಟ್ಟೂ ಹೋಗಬಹುದು. ಮೂರು, ಹಳೆಯ ಬಟ್ಟಲು ತಂತಿ ಬಲ್ಬಿಗೆಂದೇ ಮಾಡಿದ್ದು. ಎಲ್ಲ ಎಲ್‌.ಇ.ಡಿ. ಬಲ್ಬುಗಳ ಬೆಳಕೂ ಅದರಲ್ಲಿ ಸರಿಯಾಗಿ ಕೂಡುವುದಿಲ್ಲ. ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಡಿಮ್ ಹಾಕಿ ನೋಡಿ. ಬೆಳಕಿನ ಮೇಲಿನ ಅಂಚು ಹೆಡ್‌ಲೈಟಿನ ಎತ್ತರಕ್ಕಿಂತ ಕೆಳಗಿರಬೇಕು. ಎದುರು ಬರುವವರ ಕಣ್ಣು ಕುಕ್ಕುವ ದೀಪದಿಂದ ಅಪಘಾತವಾಗುತ್ತದೆ, ದಂಡವೂ ಬೀಳುತ್ತದೆ.

ಮೂರನೆಯ ಹೆಜ್ಜೆ: ಎಲೆಕ್ಟ್ರಾನಿಕ್ ರೆಗ್ಯುಲೇಟರ್

ಹಳೆಯ ಕಟೌಟಿನೊಳಗೆ ಸ್ಪ್ರಿಂಗು, ಪಾಯಿಂಟುಗಳಿವೆ. ದೂಳು, ತೇವ, ಅದುರಾಟದಿಂದ ಅದರ ಹೊಂದಾಣಿಕೆ ತಪ್ಪುತ್ತದೆ. ಪಾಯಿಂಟು ಸುಟ್ಟರೆ ಚಾರ್ಜು ನಿಲ್ಲುತ್ತದೆ. ಅಂಟಿಕೊಂಡರೆ ಗಾಡಿ ನಿಂತಾಗ ಬ್ಯಾಟರಿಯ ವಿದ್ಯುತ್ತೆಲ್ಲ ಡೈನಮೋಕ್ಕೆ ಹರಿದು ಸುತ್ತು ಸುಡುತ್ತದೆ. ಇಂಜಿನ್ ನಿಂತ ಮೇಲೂ ಡೈನಮೋ ಬಿಸಿಯೇರುತ್ತಿದ್ದರೆ, ವೈರು ಸುಟ್ಟ ವಾಸನೆ ಬಂದರೆ ತಕ್ಷಣ ಬ್ಯಾಟರಿಯ ವೈರು ಬಿಚ್ಚಬೇಕು.

ಇದರ ಜಾಗದಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಬಹುದು. ಅದರಲ್ಲಿ ಅಲುಗಾಡುವ ಭಾಗವಿಲ್ಲ, ವೋಲ್ಟೇಜನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಕೊಳ್ಳುವ ಮುನ್ನ ಮೂರು ವಿಷಯ ಖಚಿತವಾಗಿರಬೇಕು: 6 ವೋಲ್ಟೋ 12 ವೋಲ್ಟೋ, ಯಾವ ಕಂಬ ಅರ್ತ್, ಮತ್ತು ಡೈನಮೋದ ಫೀಲ್ಡ್ ಜೋಡಣೆ ಯಾವ ಬಗೆಯದು. ಡೈನಮೋಗಳಲ್ಲಿ ಫೀಲ್ಡ್ ಜೋಡಣೆಗೆ ಎರಡು ಬಗೆಗಳಿವೆ. ಒಂದು ಬಗೆಯಲ್ಲಿ ರೆಗ್ಯುಲೇಟರು ಫೀಲ್ಡನ್ನು ಅರ್ತ್ ಕಡೆಯಿಂದ ಹಿಡಿತದಲ್ಲಿಡುತ್ತದೆ, ಇನ್ನೊಂದರಲ್ಲಿ ಕರೆಂಟಿನ ಕಡೆಯಿಂದ. ಬಗೆ ತಪ್ಪಿದರೆ ಹೊಸ ರೆಗ್ಯುಲೇಟರು ಕೆಲಸ ಮಾಡದು, ಸುಡಲೂಬಹುದು. ಬೇರೆ ಕಂಪನಿಯ ಗಾಡಿಗೆ ಮಾಡಿದ ಡೈನಮೋ ರೆಗ್ಯುಲೇಟರನ್ನು ಕೇವಲ ವೋಲ್ಟೇಜು ಒಂದೇ ಎಂದು ತಂದು ಹಾಕಬಾರದು.

ನಾಲ್ಕನೆಯ ಹೆಜ್ಜೆ: ಅದೇ ಡೈನಮೋದಿಂದ 12 ವೋಲ್ಟ್

ವೋಲ್ಟೇಜು ಇಮ್ಮಡಿಯಾದರೆ ಅದೇ ವ್ಯಾಟಿಗೆ ಬೇಕಾದ ಆಂಪಿಯರ್ ಅರ್ಧವಾಗುತ್ತದೆ. ಹಿಂದೆ ಹೇಳಿದ ತಡೆಯಲ್ಲಿ 6 ವೋಲ್ಟಿನ ಗಾಡಿ ನೂರಕ್ಕೆ ಸುಮಾರು 10ರಷ್ಟು ಕಳೆದುಕೊಂಡರೆ 12 ವೋಲ್ಟಿನ ಗಾಡಿ ನೂರಕ್ಕೆ ಎರಡೂವರೆಯಷ್ಟು ಮಾತ್ರ ಕಳೆದುಕೊಳ್ಳುತ್ತದೆ. ಬಲ್ಬು, ಹಾರನ್, ಬ್ಯಾಟರಿಗಳು ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತವೆ. ಆದ್ದರಿಂದಲೇ ಅನೇಕರು 12 ವೋಲ್ಟಿನ ಕಡೆಗೆ ಒಲಿಯುತ್ತಾರೆ.

ಡೈನಮೋ ತಾನಾಗಿ 6 ವೋಲ್ಟಿಗೇ ಕಟ್ಟುಬಿದ್ದದ್ದಲ್ಲ. ಮಿತಿ ಹಾಕುವುದು ರೆಗ್ಯುಲೇಟರು. 12 ವೋಲ್ಟಿಗೆ ಮಾಡಿದ ಸರಿಯಾದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ಅದೇ ಡೈನಮೋ 12 ವೋಲ್ಟಿನ ಬ್ಯಾಟರಿಗೂ ಚಾರ್ಜು ಕೊಡಬಲ್ಲದು. ಆದರೆ ಹೆಚ್ಚು ವೋಲ್ಟೇಜು ಹುಟ್ಟಲು ಹೆಚ್ಚು ವೇಗ ಬೇಕು. ಮೈಸೂರು ರಸ್ತೆಯಲ್ಲಿ ಓಡುವಾಗ ಚಾರ್ಜು ಚೆನ್ನಾಗಿ ಬರುತ್ತದೆ. ಬಂಡಿದಾರಿಯಲ್ಲಿ ನಿಧಾನವಾಗಿ ಹೋಗುವಾಗ 6 ವೋಲ್ಟಿನಲ್ಲಿ ಬರುತ್ತಿದ್ದಷ್ಟೂ ಬರದಿರಬಹುದು. ಆದ್ದರಿಂದ ಈ ಬದಲಾವಣೆ ಮಾಡುವವರು ಎಲ್‌.ಇ.ಡಿ. ದೀಪಗಳನ್ನೂ ಕೂಡಿಸಿಯೇ ಹಾಕಬೇಕು.

12 ವೋಲ್ಟಿಗೆ ಬದಲಾಯಿಸಿದಾಗ ಇವೆಲ್ಲವೂ ಬದಲಾಗಬೇಕು: ಬ್ಯಾಟರಿ, ಇಗ್ನಿಷನ್ ಕಾಯಿಲ್, ಎಲ್ಲ ಬಲ್ಬುಗಳು, ಹಾರನ್, ಇಂಡಿಕೇಟರಿನ ಫ್ಲಾಷರ್. ಕಾಯಿಲನ್ನು ಬಹಳಷ್ಟು ಜನ ಮರೆಯುತ್ತಾರೆ. 6 ವೋಲ್ಟಿನ ಕಾಯಿಲಿಗೆ 12 ವೋಲ್ಟ್ ಕೊಟ್ಟರೆ ಕೆಲವು ದಿನ ಗಾಡಿ ಚೆನ್ನಾಗಿಯೇ ಓಡೀತು. ಆಮೇಲೆ ಕಾಯಿಲ್ ಕಾದು ಸುಡುತ್ತದೆ, ಪಾಯಿಂಟೂ ಸುಡುತ್ತದೆ. ಹೊಸ ಬ್ಯಾಟರಿ ಪೆಟ್ಟಿಗೆಯಲ್ಲಿ ಹಿಡಿಸುತ್ತದೆಯೇ ಎಂದು ಅಳತೆ ನೋಡಿ ಕೊಳ್ಳಬೇಕು. ಬದಲಾದ ಮೇಲೆ, ನಿಂತ ಬ್ಯಾಟರಿ 12.6ರಿಂದ 12.8 ವೋಲ್ಟೂ, ಚಾರ್ಜಾಗುವಾಗ 13.8ರಿಂದ 14.4 ವೋಲ್ಟೂ ತೋರಿಸಿದರೆ ಕೆಲಸ ಸರಿಯಾಗಿದೆ.

ಐದನೆಯ ಹೆಜ್ಜೆ: ಡೈನಮೋ ತೆಗೆದು ಆಲ್ಟರ್ನೇಟರ್

ಕೊನೆಯ ದಾರಿ ಡೈನಮೋವನ್ನೇ ತೆಗೆದು, ಅದರ ಜಾಗದಲ್ಲಿ ಅಯಸ್ಕಾಂತದ ಆಲ್ಟರ್ನೇಟರ್ ಕೂರಿಸುವುದು. ಜಾವಾ ಗಾಡಿಗಳಿಗೆಂದೇ ಮಾಡಿದ ಸಿದ್ಧ ಕಿಟ್ಟುಗಳಿವೆ. ಚೆಕ್ ದೇಶದ ವಾಪೆ, ಜರ್ಮನಿಯ ಪವರ್‌ಡೈನಮೋ ಈ ಬಗೆಯ ಕಿಟ್ಟುಗಳಿಗೆ ಹೆಸರಾದವು. ಇವುಗಳಲ್ಲಿ 12 ವೋಲ್ಟಿನ ಆಲ್ಟರ್ನೇಟರಿನ ಜೊತೆಗೆ ಎಲೆಕ್ಟ್ರಾನಿಕ್ ಇಗ್ನಿಷನ್ನೂ ಬರುತ್ತದೆ. ಬ್ರಷ್ಷಿಲ್ಲ, ಕಮ್ಯುಟೇಟರಿಲ್ಲ, ಪಾಯಿಂಟು ಅಂತರ ನೋಡುವ ಕೆಲಸವಿಲ್ಲ. ಡೈನಮೋಕ್ಕಿಂತ ಎರಡು ಪಟ್ಟಿಗೂ ಮೀರಿ ವಿದ್ಯುತ್ತು ಕೊಡುತ್ತವೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಗಾಡಿ ಚಾಲೂ ಆಗುತ್ತದೆ.

ಅನಾನುಕೂಲವೆಂದರೆ ಬೆಲೆ. ಹೊರದೇಶದಿಂದ ತರಿಸಿದರೆ ಸುಂಕವೂ ಸೇರುತ್ತದೆ. ಅದೂ ಅಲ್ಲದೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಆಗದು. ಡೈನಮೋದ ಬ್ರಷ್ಷು ಬದಲಿಸಬಲ್ಲ ಮೆಕ್ಯಾನಿಕ್ ಪೇಟೆಯಲ್ಲಿ ಸಿಕ್ಕಾನು.

ಬೇರೆ ಗಾಡಿಯ ಆಲ್ಟರ್ನೇಟರನ್ನು ಲೇತಿನಲ್ಲಿ ಕೊರೆಸಿ ಜಾವಾಕ್ಕೆ ಕೂರಿಸಿಕೊಡುವವರೂ ಇದ್ದಾರೆ. ಖರ್ಚು ಕಡಿಮೆ ನಿಜ. ಆದರೆ ಕ್ರ್ಯಾಂಕ್ ತುದಿಯ ಓರೆಗೆ ಅಯಸ್ಕಾಂತದ ಚಕ್ರ ಪೂರ್ತಿ ಹೊಂದಿ ಕೂರಬೇಕು, ಕೂದಲೆಳೆಯಷ್ಟೂ ಓಲಾಡಬಾರದು. ಓಲಾಡಿದರೆ ಸುತ್ತಿಗೆ ತಾಗಿ ಹಾಳಾಗುತ್ತದೆ, ಕ್ರ್ಯಾಂಕ್ ದಂಡವೇ ಕೆಡುತ್ತದೆ. ಹಾಗೆ ಮಾಡಿದ ಗಾಡಿ ಒಂದು ವರ್ಷವಾದರೂ ಓಡಿರುವುದನ್ನು ಕಣ್ಣಾರೆ ನೋಡಿ, ಅದರ ಮಾಲೀಕರನ್ನು ಕೇಳಿ, ಆಮೇಲೆ ಒಪ್ಪಿಕೊಳ್ಳಿ.

ಯಾರಿಗೆ ಯಾವುದು ಸರಿ?

* ಹಗಲು ಓಡಾಟವೇ ಹೆಚ್ಚು, ರಾತ್ರಿ ಅಪರೂಪ ಎನ್ನುವವರಿಗೆ: ಮೊದಲ ಹೆಜ್ಜೆ ಸಾಕು.

* ಮುಂಜಾನೆ ಮಾರುಕಟ್ಟೆಗೆ, ರಾತ್ರಿ ಜಮೀನಿಗೆ ಹೋಗುವವರಿಗೆ: ಮೊದಲ ಮೂರು ಹೆಜ್ಜೆಗಳು. ನಿಧಾನದ ದಾರಿಯಲ್ಲಿ ಓಡಾಡುವ ನಮ್ಮ ಬಹುಪಾಲು ರೈತರಿಗೆ 6 ವೋಲ್ಟಿನ ಎಲ್‌.ಇ.ಡಿ. ದೀಪ ಮತ್ತು ಒಳ್ಳೆಯ ರೆಗ್ಯುಲೇಟರು ಹೆಚ್ಚು ಸೂಕ್ತ.

* ಡಾಂಬರು ರಸ್ತೆಯಲ್ಲಿ ದೂರ ಓಡುವವರಿಗೆ, 6 ವೋಲ್ಟಿನ ಸಾಮಾನು ಸಿಗದೆ ಬೇಸತ್ತವರಿಗೆ: ನಾಲ್ಕನೆಯ ಹೆಜ್ಜೆ.

* ಡೈನಮೋದ ಆರ್ಮೇಚರ್ ಸುಟ್ಟು, ಹೊಸದಾಗಿ ಸುತ್ತಿಸಬೇಕಾಗಿ ಬಂದವರಿಗೆ: ಸುತ್ತಿಸುವ ಖರ್ಚನ್ನೂ ಕಿಟ್ಟಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಐದನೆಯ ಹೆಜ್ಜೆಯನ್ನು ಯೋಚಿಸಬಹುದು.

ಯಾವುದೇ ಬದಲಾವಣೆ ಮಾಡಿಸಿದರೂ ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಡಿ. ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಇಂದು ಒಳ್ಳೆಯ ಬೆಲೆಯಿದೆ. ಹೊಸ ವೈರಿಂಗಿನ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಆರ್‌.ಸಿ. ಪುಸ್ತಕದ ಜೊತೆ ಇಟ್ಟುಕೊಳ್ಳಿ. ನಾಳೆ ಬೇರೆ ಮೆಕ್ಯಾನಿಕ್ ಕೈಗೆ ಹೋದಾಗ ಅದು ಉಪಯೋಗಕ್ಕೆ ಬರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ದೀಪ, ಹಾರನ್, ಬ್ರೇಕ್ ದೀಪಗಳನ್ನು ಪರೀಕ್ಷಿಸುತ್ತಾರೆ ಎಂಬುದೂ ನೆನಪಿರಲಿ.

ಎಚ್ಚರಿಕೆಗಳು

* ವೈರಿಂಗ್ ಮುಟ್ಟುವ ಮುನ್ನ ಬ್ಯಾಟರಿಯ ಅರ್ತ್ ವೈರು ಬಿಚ್ಚಿ.

* ಚಾರ್ಜಾಗುತ್ತಿರುವ ಬ್ಯಾಟರಿಯಿಂದ ಬೆಂಕಿ ಹತ್ತುವ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ದೀಪ ಬೇಡ.

* ಆಸಿಡ್ ಮೈಗೆ, ಕಣ್ಣಿಗೆ ತಾಗಿದರೆ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಗಾಡಿಯ ಮೇಲೆ ಚೆಲ್ಲಿದರೆ ಅಡಿಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ.

* ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ 6 ವೋಲ್ಟಿನ ಗಾಡಿಗೆ ಜಂಪ್ ಕೊಡಬೇಡಿ. ಬಲ್ಬು, ಬ್ಯಾಟರಿ ಎರಡೂ ಹಾಳಾಗುತ್ತವೆ. ಅದೇ ರೀತಿ 12 ವೋಲ್ಟಿನ ಚಾರ್ಜರಿಗೆ 6 ವೋಲ್ಟಿನ ಬ್ಯಾಟರಿ ಹಾಕಬಾರದು.

* ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲೇಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪೊಟ್ಟಣದ ತಗಡು ಕಾಗದ, ತಾಮ್ರದ ಎಳೆ ಸುತ್ತುವುದು ಮನೆಗೇ ಬೆಂಕಿ ಇಟ್ಟಂತೆ.

ನಿತ್ಯದ ಪಾಲನೆ

ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕೊಳವೆಬಾವಿಯ ನೀರಿನ ಲವಣಗಳು ಬ್ಯಾಟರಿಯನ್ನು ಕೊಲ್ಲುತ್ತವೆ. ಕಂಬಗಳ ಮೇಲೆ ಬಿಳಿ ಬೂಷ್ಟು ಕೂರದಂತೆ ವ್ಯಾಸಲೀನ್ ಸವರಿ. ಕೆಲಸದ ದಿನಗಳಲ್ಲಿ ಗಾಡಿ ತೆಗೆಯದೆ ತಿಂಗಳಾನುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಿ. ಮೇವು, ಧಾನ್ಯ ಇಡುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದರೆ ಇಲಿ ವೈರು ಕಡಿಯುತ್ತದೆ. ಆಗಾಗ್ಗೆ ಸೀಟು ಎತ್ತಿ ನೋಡುವುದು ಒಳ್ಳೆಯದು.

ಕೊನೆಯದಾಗಿ, ರೈತ ಬಾಂಧವರು ಗಮನಿಸಬೇಕಾದ ಮಾತು ಇಷ್ಟೆ. ದೊಡ್ಡ ಬಲ್ಬು, ದೊಡ್ಡ ಬ್ಯಾಟರಿ, ದುಬಾರಿ ಕಿಟ್ಟು ಇವು ಮೊದಲ ಉತ್ತರವಲ್ಲ. ಮೀಟರು ಹಿಡಿದು ಸೋರಿಕೆ ಹುಡುಕಿ, ಕಾಗದದ ಮೇಲೆ ವ್ಯಾಟ್‌ಗಳ ಲೆಕ್ಕ ಬರೆದು, ಆಮೇಲೆ ಅಂಗಡಿಗೆ ಹೋಗಿ. ಹಾಗೆ ಮಾಡಿದವರಿಗೆ ಮೊದಲೆರಡು ಹೆಜ್ಜೆಗಳಲ್ಲೇ ಕೆಲಸ ಮುಗಿಯುವುದು ಹೆಚ್ಚು. ಮೈಸೂರಿನಲ್ಲಿ ಹುಟ್ಟಿದ ಈ ಗಾಡಿಗಳು ಇನ್ನೂ ಹಲವು ವರ್ಷ ನಮ್ಮ ಹೊಲದ ದಾರಿಗಳಲ್ಲಿ ಓಡಬಲ್ಲವು. ಅವು ಕತ್ತಲಲ್ಲಿ ನಮ್ಮನ್ನು ಸುರಕ್ಷಿತವಾಗಿ ಮನೆ ಸೇರಿಸುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.